ವರ್ಣಭೇದದ ಮನೋವ್ಯಥೆ ಮತ್ತು ಕಲೆಯ ಧರ್ಮ



‘ವರ್ಣ’ ಎಂಬ ಶಬ್ದಕ್ಕೆ ನಿಘಂಟುಕಾರರು ಮುಖ್ಯವಾಗಿ ಮೂರು ಅರ್ಥಗಳನ್ನು ಹೇಳುತ್ತಾರೆ. ಬಣ್ಣವೆಂಬುದು ಒಂದು, ಜನರನ್ನು ಮೇಲು ಕೀಳೆಂದು ವಿಂಗಡಿಸಿದ ವರ್ಗವೆಂಬುದು ಎರಡನೆಯದು, ಅಕ್ಷರವೆಂಬುದು ಮೂರನೆಯದು. ಮೊದಲನೆಯ ಅರ್ಥದಲ್ಲಿ ಯಾವ ದೋಷವೂ ಇಲ್ಲ. ನಿಸರ್ಗವು ಮಾವಿನ ಚಿಗುರಿಗೆ ಒಂದು ಬಣ್ಣವನ್ನೂ ಎರೆಯ ಮಣ್ಣಿಗೆ ಇನ್ನೊಂದು ಬಣ್ಣವನ್ನೂ ಕೊಟ್ಟಿತು. ಎರೆಯ ಮಣ್ಣು ಕಪ್ಪಗಿದೆಯೆಂದು ಬಿತ್ತನೆಯನ್ನು ಕೈಬಿಟ್ಟ ರೈತನನ್ನು ನಾವು ಕಂಡಿಲ್ಲ. ಬಣ್ಣದ ಮೇಲೆ, ಹುಟ್ಟಿನ ಮೇಲೆ ಮೇಲು ಕೀಳೆಂಬ ಎರಡನೆಯ ಅರ್ಥವನ್ನು ಹೇರಿದವನು ಮನುಷ್ಯ. ಇದರಿಂದಾದ ಅನ್ಯಾಯಗಳಲ್ಲಿ ಹೊರಗಿನವು ಕಣ್ಣಿಗೆ ಕಾಣುತ್ತವೆ: ಭೂಮಿಯಿಲ್ಲದಿರುವುದು, ಬಾವಿಯ ನೀರು ಸಿಕ್ಕದಿರುವುದು, ಬಾಡಿಗೆಗೆ ಮನೆ ದೊರೆಯದಿರುವುದು. ಒಳಗಿನ ಅನ್ಯಾಯವು ಕಾಣುವುದಿಲ್ಲ. ಮನಸ್ಸಿಗೆ ಆದ ಗಾಯದಿಂದ ರಕ್ತ ಸುರಿಯುವುದಿಲ್ಲ. ಕಾಣದ ಆ ಗಾಯವನ್ನು ಕಾಣಿಸುವ ಶಕ್ತಿ ಕಲೆಗೆ ಉಂಟೆ? ಉಂಟಾದರೆ ಅದನ್ನು ಧರ್ಮಕ್ಕೆ ಒಪ್ಪುವಂತೆ ಬಳಸುವ ಬಗೆ ಯಾವುದು? ಈ ಪ್ರಶ್ನೆಯನ್ನು ನಿಮ್ಮೊಡನೆ ಕುಳಿತು ವಿಚಾರಿಸಬೇಕೆಂಬುದು ಈ ಲೇಖನದ ಉದ್ದೇಶ. ಪ್ರಶ್ನೆಯು ನಮಗೆ ಗ್ರಂಥದಿಂದ ಬಂದುದಲ್ಲ. ಬ್ಯಾಡರಹಳ್ಳಿಯ ಒಬ್ಬ ಬಾಲಿಕೆಯಿಂದ ಬಂದುದು.

ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯಲ್ಲಿ ಬ್ಯಾಡರಹಳ್ಳಿಯಿದೆ. ಒಂದು ಕಾಲಕ್ಕೆ ಹೊಲ ತೋಟಗಳ ನಡುವಣ ಹಳ್ಳಿ. ಇಂದು ಬಡಾವಣೆಗಳ ನಡುವೆ ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದಿರುವ ಊರು. ಕಾರ್ಖಾನೆ, ಗಾರ್ಮೆಂಟ್ಸ್, ಕಟ್ಟಡದ ಕೆಲಸಗಳನ್ನು ಅರಸಿ ನಮ್ಮ ನಾಡಿನ ಜಿಲ್ಲೆಗಳಿಂದಲೂ ಹೊರರಾಜ್ಯಗಳಿಂದಲೂ ಬಂದವರು ಅಲ್ಲಿ ಬಾಳುತ್ತಿದ್ದಾರೆ. ಅಲ್ಲಿಯ ಸದ್ಭಕ್ತರು ಬಸವ ಜಯಂತಿಯ ನಿಮಿತ್ತವಾಗಿ ಮಕ್ಕಳಿಗೆ ಚಿತ್ರಸ್ಪರ್ಧೆಯನ್ನು ಏರ್ಪಡಿಸಿ ನಮ್ಮನ್ನು ಬರಮಾಡಿಕೊಂಡಿದ್ದರು. ‘ನನ್ನ ತಾಯಿ’ ಎಂಬುದು ಚಿತ್ರದ ವಿಷಯ. ಎಂಟು ವರ್ಷದ ಒಬ್ಬ ಬಾಲಿಕೆ ತಾಯಿಯ ಸೀರೆ, ಬಳೆ, ಮುಡಿದ ಹೂವು ಎಲ್ಲಕ್ಕೂ ಬಣ್ಣ ತುಂಬಿ ಮುಖವನ್ನು ಮಾತ್ರ ಖಾಲಿ ಬಿಟ್ಟಿದ್ದಳು. ಏಕೆಂದು ಕೇಳಿದರೆ, ಪಕ್ಕದವಳು ‘ಸ್ಕಿನ್ ಕಲರ್’ ಪೆನ್ಸಿಲು ಕೊಡಲಿಲ್ಲವೆಂದಳು. ಅದು ಯಾವ ಬಣ್ಣವೆಂದು ನಮಗೆ ತಿಳಿಯಲಿಲ್ಲ. ಅವಳು ಬೆರಳು ಮಾಡಿ ತೋರಿಸಿದಳು: ನಸುಗೆಂಪು ಬೆರೆತ ಬಿಳುಪು. ಆ ಕೂಸಿನ ಮೈಬಣ್ಣ ಕಡುಕಪ್ಪು. ಬಾಗಿಲ ಬಳಿ ನಿಂತಿದ್ದ ತಾಯಿಯದೂ ಅದೇ. “ಇದು ಯಾರ ಚರ್ಮದ ಬಣ್ಣ ಮಗು?” ಎಂದೆವು. ಅವಳು ತನ್ನ ಕೈಯನ್ನು ಹಾಳೆಯ ಕೆಳಗೆ ಸರಿಸಿಕೊಂಡು, “ಇದು ಚಿತ್ರದಲ್ಲಿರೋರ ಬಣ್ಣ ಬುದ್ಧಿ, ನಮ್ಮದಲ್ಲ” ಎಂದಳು.

ಎಂಟು ವರ್ಷಕ್ಕೇ ಅವಳಿಗೆ ಇದನ್ನು ಕಲಿಸಿದವರಾರು? ಯಾವ ಪಾಠಪುಸ್ತಕದಲ್ಲಿಯೂ ಹೀಗೆ ಬರೆದಿಲ್ಲ. ಬರೆಯದೆಯೇ ಕಲಿಸಿದ ಪಾಠವಿದು.

ಸ್ಪರ್ಧೆಯ ತೀರ್ಪುಗಾರರಾಗಿ ಬಂದಿದ್ದವರು ಶಾಲೆಯೊಂದರ ಚಿತ್ರಕಲಾ ಶಿಕ್ಷಕರು; ನಮ್ಮ ಪ್ರಸಾದ ನಿಲಯದಲ್ಲಿದ್ದು ಓದಿದ ಹಳೆಯ ವಿದ್ಯಾರ್ಥಿ. ಮಾತನ್ನು ಅವರೂ ಕೇಳಿಸಿಕೊಂಡರು. ಸಂಜೆ ಎಲ್ಲರೂ ಹೋದ ಮೇಲೆ, “ಬುದ್ಧಿ, ತಮಗೆ ನೆನಪಿದೆಯೋ ಇಲ್ಲವೋ, ನಾನು ಮೂರು ವರ್ಷ ಯಮದೂತನಾಗಿದ್ದೆ” ಎಂದರು. ನಮಗೆ ನೆನಪಿತ್ತು. ಇಲ್ಲವೆನ್ನಲು ಆಗಲಿಲ್ಲ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ನಾವು ವಿಶ್ವವಿದ್ಯಾಲಯದ ವ್ಯಾಸಂಗ ಮುಗಿಸಿ ಬಂದ ಹೊಸತು. ಪ್ರಸಾದ ನಿಲಯದ ಹೊಣೆ ನಮ್ಮ ಮೇಲಿತ್ತು. ವಾರ್ಷಿಕೋತ್ಸವಕ್ಕೆ ಸತ್ಯವಾನ್ ಸಾವಿತ್ರಿಯ ನಾಟಕ. ಆ ಹುಡುಗನಿಗೆ ಸತ್ಯವಾನನ ಮಾತುಗಳೆಲ್ಲ ಬಾಯಿಪಾಠ, ಕಂಠವೂ ಚೆನ್ನಾಗಿತ್ತು. ಆದರೆ ಅವನಿಗೆ ಕೊಟ್ಟುದು ಯಮದೂತನ ಪಾತ್ರ. ಬಣ್ಣ ಹಚ್ಚುವವನು ಎಲ್ಲರೆದುರಿಗೆ, “ನಿನ್ನಿಂದ ಮಸಿಯ ಖರ್ಚು ಉಳಿಯಿತು” ಎಂದ. ನೆರೆದವರೆಲ್ಲ ನಕ್ಕರು. ನಾವೂ ನಕ್ಕೆವು. ಮರುವರ್ಷವೂ, ಅದರ ಮರುವರ್ಷವೂ ಅದೇ ಪಾತ್ರ, ಅದೇ ಮಾತು, ಅದೇ ನಗೆ. ನಾಲ್ಕನೆಯ ವರ್ಷ ಅವನು ರಂಗದ ಬಳಿಗೆ ಬರಲಿಲ್ಲ. ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಒಳ್ಳೆಯ ಅಂಕ ಪಡೆದು ಬಂದಿದ್ದ ನಮಗೆ ಕಣ್ಣೆದುರಿಗಿದ್ದ ಒಂದು ಮನಸ್ಸನ್ನು ಓದಲಾಗಲಿಲ್ಲ.

“ಆಮೇಲೆ ಎಷ್ಟೋ ವರ್ಷ ಫೋಟೋ ತೆಗೆಸಿಕೊಳ್ಳಲಿಲ್ಲ ಬುದ್ಧಿ. ಸಂದರ್ಶನಕ್ಕೆ ಹೋದರೆ ಒಳಗೆ ಕುಳಿತವರು ನಗುತ್ತಾರೆಂದೇ ಅನಿಸುತ್ತಿತ್ತು. ಉತ್ತರ ಗೊತ್ತಿರುತ್ತಿತ್ತು, ಬಾಯಿ ಬರುತ್ತಿರಲಿಲ್ಲ. ರಾತ್ರಿ ನಿದ್ದೆ ಇಲ್ಲ. ಯಾರನ್ನೂ ದೂರಲಿಲ್ಲ, ದೋಷ ನನ್ನಲ್ಲೇ ಇದೆಯೆಂದುಕೊಂಡಿದ್ದೆ” ಎಂದರು. ಅವರ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನಮಗೆ ಸ್ವಲ್ಪ ಸುಲಭವಾಗುತ್ತಿತ್ತು.

ವಾಚಕರೇ, ಕೊನೆಯ ಆ ವಾಕ್ಯವನ್ನು ಇನ್ನೊಮ್ಮೆ ಓದಿರಿ. ವರ್ಣಭೇದದ ಮನೋವ್ಯಥೆಯ ತಿರುಳು ಅಲ್ಲಿದೆ. ಕಳ್ಳನು ನಮ್ಮ ಮನೆಯನ್ನು ದೋಚಿದರೆ ಕಳ್ಳನು ಕೆಟ್ಟವನೆಂದು ತಿಳಿಯುತ್ತೇವೆ. ಅವಮಾನವು ಹಾಗಲ್ಲ. ಒಂದೇ ಅವಮಾನವು ಬಾಲ್ಯದಿಂದ ದಿನದಿನವೂ ಹಲವರ ಬಾಯಿಂದ ಬಂದಾಗ, ಹೇಳಿದವರು ಇಷ್ಟು ಮಂದಿಯಿರುವಾಗ ಅದು ನಿಜವಿದ್ದೀತೆಂದು ಮನಸ್ಸು ನಂಬತೊಡಗುತ್ತದೆ. ಹೀಗೆ ಅಪರಾಧವು ಮಾಡಿದವನನ್ನು ಬಿಟ್ಟು ಪಟ್ಟವನಲ್ಲಿ ಮನೆ ಮಾಡುತ್ತದೆ. ಮೊದಲು ಅಳುಕು, ಅಳುಕಿನಿಂದ ನಾಚಿಕೆ, ನಾಚಿಕೆಯಿಂದ ಮೌನ. ಅವನು ಸುಮ್ಮನಿದ್ದಾನಾದ್ದರಿಂದ ಅವನಿಗೆ ನೋವಾಗಿಲ್ಲವೆಂದು ನಕ್ಕವರು ತಿಳಿಯುತ್ತಾರೆ. ಪಟ್ಟವನಿಗೆ ದೋಷ ತನ್ನದೆಂಬ ಅಜ್ಞಾನ, ಮಾಡಿದವನಿಗೆ ದೋಷವೇ ಇಲ್ಲವೆಂಬ ಅಜ್ಞಾನ. ಈ ಎರಡು ಅಜ್ಞಾನಗಳು ಒಂದನ್ನೊಂದು ಪೋಷಿಸುತ್ತವೆ.

ಹೊರದೇಶದ ವಿದ್ವಾಂಸರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದಲ್ಲಿ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ಕಪ್ಪು ಜನಾಂಗದ ಮನಶ್ಶಾಸ್ತ್ರಜ್ಞ ದಂಪತಿಗಳು ಎಳೆಯ ಕಪ್ಪು ಮಕ್ಕಳ ಮುಂದೆ ಬಿಳಿಯ ಗೊಂಬೆಯನ್ನೂ ಕಂದು ಬಣ್ಣದ ಗೊಂಬೆಯನ್ನೂ ಇಟ್ಟು ಯಾವುದು ಚೆನ್ನ, ಯಾವುದು ಕೆಟ್ಟದ್ದೆಂದು ಕೇಳಿದರು. ಬಹುಮಂದಿ ಮಕ್ಕಳು ಬಿಳಿಯ ಗೊಂಬೆಯನ್ನು ಒಳ್ಳೆಯದೆಂದರು. ನಿನ್ನಂತಿರುವ ಗೊಂಬೆ ಯಾವುದೆಂದು ಕೇಳಿದಾಗ ಕೆಲವು ಮಕ್ಕಳು ಅತ್ತವು. ಶಾಲೆಗಳಲ್ಲಿ ವರ್ಣಭೇದ ಕೂಡದೆಂದು ಅಲ್ಲಿಯ ಪರಮೋಚ್ಚ ನ್ಯಾಯಾಲಯವು 1954ರಲ್ಲಿ ಕೊಟ್ಟ ತೀರ್ಪಿನ ಹಿಂದೆ ಈ ಅಧ್ಯಯನದ ನೆರವೂ ಇತ್ತು. ಮನೋವೈದ್ಯನಾಗಿದ್ದ ಫ್ರಾಂಟ್ಸ್ ಫ್ಯಾನನ್ 1952ರಲ್ಲಿ ಪ್ರಕಟಿಸಿದ ಗ್ರಂಥವು, ಆಳುವವರ ಕಣ್ಣಿನಿಂದಲೇ ತನ್ನನ್ನು ತಾನು ನೋಡಿಕೊಳ್ಳುವ ಕಪ್ಪು ಮನುಷ್ಯನ ಸಂಕಟವನ್ನು ಬಿಡಿಸಿ ತೋರಿಸಿತು. ಎಡೆಬಿಡದ ಭೇದಭಾವವು ಖಿನ್ನತೆ, ಆತಂಕ, ನಿದ್ರಾಹೀನತೆಗಳಿಗೆ ದಾರಿಮಾಡುವುದೆಂಬುದನ್ನು ಇಂದು ವೈದ್ಯಶಾಸ್ತ್ರವು ಒಪ್ಪಿದೆ.

ಇದೆಲ್ಲ ದೂರದ ದೇಶದ ಕಥೆಯೆಂದು ತಿಳಿಯಬೇಡಿರಿ. 2012ರ ಆಗಸ್ಟ್ ತಿಂಗಳಲ್ಲಿ ವದಂತಿಗಳಿಗೆ ಬೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ವಿಶೇಷ ರೈಲುಗಳಲ್ಲಿ ಊರು ಬಿಟ್ಟರು. ವದಂತಿ ಸುಳ್ಳಾಗಿತ್ತು, ಆದರೆ ಮುಖದ ಚಹರೆಯ ಕಾರಣಕ್ಕೆ ವರ್ಷಗಟ್ಟಲೆ ಕೀಳು ಹೆಸರುಗಳನ್ನು ಕೇಳಿಸಿಕೊಂಡ ಮನಸ್ಸು ಅಂಥ ವದಂತಿಯನ್ನು ನಂಬಲು ತಡವಾಗುವುದೆ? 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯ ಕಡೆ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಸ್ಥಳೀಯ ಮಹಿಳೆಯೊಬ್ಬಳ ಸಾವಿಗೆ ಕಾರಣವಾಯಿತು. ಆ ಮೇಲೆ ಆ ದಾರಿಯಲ್ಲಿ ಬಂದ ಟಾಂಜಾನಿಯಾ ದೇಶದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆಮಾಡಿ ಕಾರನ್ನು ಸುಟ್ಟಿತು. ದೇಶ ಬೇರೆ, ವ್ಯಕ್ತಿ ಬೇರೆ. ಒಂದಾಗಿದ್ದುದು ಮೈಬಣ್ಣ ಮಾತ್ರ. ಪತ್ರಿಕೆಗಳು ಹಲ್ಲೆಯನ್ನು ಬರೆದವು. ಮರುದಿನದಿಂದ ಬಸ್ಸಿಗಾಗಿ ನಿಂತಾಗಲೆಲ್ಲ ಹಿಂದಿರುಗಿ ನೋಡುವಂತಾದ ಉಳಿದವರ ಭಯವನ್ನು ಬರೆಯುವವರಾರು?

ಜಾತಿಭೇದವೂ ವರ್ಣಭೇದವೂ ಒಂದೇ ಎಂದು ನಾವು ಹೇಳಹೊರಟಿಲ್ಲ. ಅವುಗಳ ಚರಿತ್ರೆ ಬೇರೆ ಬೇರೆ. ಆದರೆ ಮನಸ್ಸಿನ ಮೇಲೆ ಅವು ಬೀಳಿಸುವ ಬರೆ ಒಂದೇ ತೆರನಾದುದು. ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದ ಡಾ. ಅಂಬೇಡ್ಕರರು 1917ರಲ್ಲಿ ಬರೋಡೆಯಲ್ಲಿ ತಂಗಲು ಒಂದು ಕೋಣೆಯೂ ಸಿಕ್ಕದೆ ಹೊರದೂಡಲ್ಪಟ್ಟುದನ್ನು ಎಷ್ಟೋ ವರ್ಷಗಳ ಮೇಲೆ ನೆನೆದು ಬರೆದರು; ಅದನ್ನು ನೆನೆದಾಗಲೆಲ್ಲ ಅವರ ಕಣ್ಣು ತುಂಬುತ್ತಿತ್ತು. ಅಷ್ಟು ದೊಡ್ಡ ಪಂಡಿತರ ಕಣ್ಣನ್ನು ತುಂಬಿಸಿದ ನೋವು ಒಬ್ಬ ಬಡ ಬಾಲಕನನ್ನು ಬಿಟ್ಟೀತೆ?

ಈಗ ಕಲೆಯ ವಿಚಾರ. ಕೆಲವರು ಕೇಳಬಹುದು: ಅನ್ಯಾಯಕ್ಕೆ ಕಾನೂನಿದೆ, ಕಾಯಿಲೆಗೆ ವೈದ್ಯರಿದ್ದಾರೆ, ಆನಂದಕ್ಕಾಗಿ ಇರುವ ಕಲೆಯನ್ನು ಇದರ ನಡುವೆ ಎಳೆಯುವುದೇಕೆ? ಪ್ರಶ್ನೆ ಸರಿಯಾದುದೇ. ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಆದರೆ ಪ್ರಸಾದ ನಿಲಯದ ಆ ನಗೆಯನ್ನು ಯಾವ ಪೊಲೀಸು ಠಾಣೆಗೆ ಒಯ್ಯುವುದು? ವೈದ್ಯರ ಬಳಿಗೆ ಹೋಗಬೇಕಾದರೆ ತನಗಾಗಿರುವುದು ಗಾಯವೆಂದು ಮೊದಲು ಗೊತ್ತಾಗಬೇಕು. ತನ್ನ ನೋವಿಗೆ ಹೆಸರಿಲ್ಲದವನು ವೈದ್ಯರಿಗೆ ಹೇಳುವುದಾದರೂ ಏನನ್ನು? ಕಲೆಯ ಕೆಲಸ ಇಲ್ಲಿಂದ ಆರಂಭವಾಗುತ್ತದೆ. ಅದು ನೋವಿಗೆ ರೂಪ ಕೊಟ್ಟು ಹೊರಗಿಡುತ್ತದೆ. ಹೊರಗಿಟ್ಟುದನ್ನು ಪಟ್ಟವನೂ ನೋಡಬಹುದು, ಮಾಡಿದವನೂ ನೋಡಬಹುದು. ನಾವು ಹೇಳಿದ ಎರಡು ಅಜ್ಞಾನಗಳಿಗೂ ಒಂದೇ ದೀಪ.

ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ಯನ್ನು ಓದದವರು ನಮ್ಮಲ್ಲಿ ಕಡಮೆ. ಬಿ. ವಿ. ಕಾರಂತರು 1975ರಲ್ಲಿ ಅದನ್ನು ಚಲನಚಿತ್ರವಾಗಿಸಿ ರಾಷ್ಟ್ರದ ಅತ್ಯುನ್ನತ ಚಿತ್ರಪ್ರಶಸ್ತಿಯನ್ನು ಕನ್ನಡಕ್ಕೆ ತಂದರು. ಚೋಮನಿಗೆ ಬೇಸಾಯಗಾರನಾಗಬೇಕೆಂಬ ಒಂದೇ ಆಸೆ. ಹುಟ್ಟು ಅದಕ್ಕೆ ಅಡ್ಡಿ. ಆಸೆ ಮುರಿದಾಗಲೆಲ್ಲ ಅವನು ದುಡಿಯನ್ನು ಬಡಿಯುತ್ತಾನೆ. ಆಡಲಾಗದ ಮಾತು ಚರ್ಮವಾದ್ಯದಿಂದ ಹೊರಡುತ್ತದೆ. ಆ ದುಡಿಯ ಸದ್ದು ಆ ಊರಿನವರಿಗೆಲ್ಲ ಕೇಳುತ್ತಿತ್ತು; ಅರ್ಥವಾಗಿದ್ದು ಎಷ್ಟು ಮಂದಿಗೆ? ಕಾದಂಬರಿಯಾಗಿ ಬಂದ ಮೇಲೆ ನಾಡಿಗೆ ಅರ್ಥವಾಯಿತು. ಆದರೂ ಅದು ಕನಿಕರವುಳ್ಳ ಒಬ್ಬ ಮಹನೀಯರು ಬೇರೊಬ್ಬರ ನೋವನ್ನು ಕಂಡು ಬರೆದುದು. ನೋವುಂಡವರೇ ಲೇಖನಿ ಹಿಡಿದಾಗ ಆದ ವ್ಯತ್ಯಾಸವನ್ನು 1975ರಲ್ಲಿ ಪ್ರಕಟವಾದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ತೋರಿಸಿತು. ಬೈಗುಳವಾಗಿ ಎಸೆಯುತ್ತಿದ್ದ ಹೆಸರು ಕವನ ಸಂಕಲನದ ಮುಖಪುಟವನ್ನೇರಿತು. ಆ ಹಾಡುಗಳನ್ನು ಕೇರಿಕೇರಿಗಳಲ್ಲಿ ಹಾಡಿದವರಿಗೆ, ದೋಷ ನಮ್ಮದಲ್ಲವೆಂಬ ಅರಿವೇ ಔಷಧವಾಯಿತು.

ಇದು ನಮ್ಮ ಪರಂಪರೆಗೆ ಹೊಸತೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ನೋಡಿರಿ: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ. ಲೋಕವು ಕೀಳೆಂದ ಕುಲವನ್ನೂ ಕಾಯಕವನ್ನೂ ಹೆಸರಿನಿಂದ ಅಳಿಸಿಕೊಳ್ಳದೆ ಹೆಸರಿನ ಮುಂದೆಯೇ ಇಟ್ಟುಕೊಂಡರು. ವಚನಕ್ಕೆ ಅಂಕಿತ ಹಾಕುವ ಅಧಿಕಾರ ದೊರೆತಂದೇ ನಾಚಿಕೆ ಅವರನ್ನು ಬಿಟ್ಟಿತು. ‘ವರ್ಣ’ದ ಮೂರನೆಯ ಅರ್ಥವು ಎರಡನೆಯದನ್ನು ಗೆದ್ದ ಬಗೆ ಇದು. ಅಂಥವರ ಹೆಸರನ್ನು ನಿತ್ಯವೂ ಸ್ಮರಿಸುವ ನಿಲಯದಲ್ಲಿ ಒಬ್ಬ ಬಾಲಕನ ಮೈಬಣ್ಣಕ್ಕೆ ನಾವು ನಕ್ಕೆವೆಂಬುದನ್ನು ಬರೆಯುವಾಗ ಕೈ ಅಳುಕುತ್ತದೆ.

ನಮ್ಮ ನಾಡಿನಲ್ಲಿ ಬಣ್ಣದ ನೋವೂ ಹುಟ್ಟಿನ ನೋವೂ ಒಂದೇ ಮೈಯ ಮೇಲೆ ಬಿದ್ದ ಸಮುದಾಯವೊಂದಿದೆ. ಅವರು ಉತ್ತರ ಕನ್ನಡದ ಸಿದ್ದಿಗಳು. ಶತಮಾನಗಳ ಹಿಂದೆ ಆಫ್ರಿಕದಿಂದ ಗುಲಾಮರಾಗಿ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ತರಲ್ಪಟ್ಟವರಲ್ಲಿ ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಕಾಡನ್ನು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಗಳ ಕಡೆ ಅವರ ಸಂತತಿಯವರಿದ್ದಾರೆ. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇಷ್ಟಾದರೂ ಕನ್ನಡವನ್ನಾಡುವ ಸಿದ್ದಿಯನ್ನು ನಮ್ಮ ನಗರಗಳಲ್ಲಿ ‘ಯಾವ ದೇಶದವರು?’ ಎಂದು ಕೇಳುವುದು ನಿಂತಿಲ್ಲ. ತನ್ನ ನೆಲದಲ್ಲಿಯೇ ಪ್ರತಿದಿನ ಪರದೇಶಿಯಾಗುವ ಸಂಕಟವೆಂಥದು!

1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಸಂಸ್ಥೆಯ ಚಿದಂಬರರಾವ್ ಜಂಬೆಯವರು ಯಲ್ಲಾಪುರ ತಾಲೂಕಿನ ಮಂಚೀಕೇರಿಯಲ್ಲಿ ಸಿದ್ದಿ ಜನರನ್ನು ಕೂಡಿಸಿಕೊಂಡು ನಾಟಕ ಕಟ್ಟಿದರು. ಆರಿಸಿಕೊಂಡುದು ನೈಜೀರಿಯದ ಚಿನುವ ಅಚಿಬೆಯ 1958ರ ಪ್ರಸಿದ್ಧ ಕಾದಂಬರಿ: ಬಿಳಿಯರು ಬರುವುದಕ್ಕೆ ಮುಂಚೆ ತನ್ನದೇ ದೈವ, ನ್ಯಾಯ, ಗಾದೆಗಳೊಡನೆ ಘನತೆಯಿಂದ ಬಾಳಿದ್ದ, ಆ ಮೇಲೆ ಒಡೆದುಹೋದ ಒಂದು ಆಫ್ರಿಕದ ಊರಿನ ಕಥೆ. ಇದರ ಮಹತ್ವವನ್ನು ಯೋಚಿಸಿರಿ. ಯಾವ ಮೈಬಣ್ಣಕ್ಕೆ ಬೇರೆ ನಾಟಕಗಳಲ್ಲಿ ಯಮದೂತನ ಪಾತ್ರವೇ ಗತಿಯಾಗಿತ್ತೋ ಆ ಮೈಬಣ್ಣಕ್ಕೆ ಇಲ್ಲಿ ನಾಯಕನ ಪಾತ್ರ. ಅದೇ ಕಪ್ಪು ಇಲ್ಲಿ ಪೂರ್ವಿಕರ ಗುರುತು. ನೋಡಲು ಕುಳಿತ ನೆರೆಯವರು ತಾವು ದಿನವೂ ಕೂಲಿಗೆ ಕರೆಯುವವರನ್ನು ಮೊದಲ ಬಾರಿಗೆ ತಲೆಯೆತ್ತಿ ನೋಡಬೇಕಾಯಿತು; ರಂಗ ಎತ್ತರದಲ್ಲಿರುತ್ತದಷ್ಟೆ. ಮುಂದೆ ಗಿರಿಜಾ ಸಿದ್ದಿ, ಪ್ರಶಾಂತ ಸಿದ್ದಿ ಮೊದಲಾದವರು ನೀನಾಸಮ್‌ನಲ್ಲಿ ಶಿಕ್ಷಣ ಪಡೆದು ಕಲಾವಿದರೆಂದು ನಾಡಿಗೆ ಪರಿಚಿತರಾದರು. ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ಚೂರುಗಳಿಂದ ಹೊಲಿಯುವ ಕೌದಿಗಳು ಇಂದು ದೇಶವಿದೇಶಗಳ ಪ್ರದರ್ಶನಗಳಲ್ಲಿವೆ. ನಾಲ್ಕು ಮೂಲೆಗಳಿಗೂ ಹೂವೆಂದು ಕರೆಯುವ ಮಡಿಕೆಯ ತುಂಡುಗಳನ್ನು ಹೊಲಿಯದ ಹೊರತು ಕೌದಿ ಪೂರ್ಣವಾಯಿತೆಂದು ಅವರು ಎಣಿಸುವುದಿಲ್ಲ. ಹರಕು ಬಟ್ಟೆಗೂ ಹೂವು ಬೇಕೆಂಬವರ ಮನಸ್ಸನ್ನು ಬಡವೆಯೆನ್ನಲಾದೀತೆ?

ಕಲೆಗೂ ಚಿಕಿತ್ಸೆಗೂ ಇರುವ ನಂಟನ್ನು ತೋರಿಸುವ ಇನ್ನೊಂದು ಸಂಗತಿಯಿದೆ. ನ್ಯೂಯಾರ್ಕ್ ನಗರದ ಹಾರ್ಲೆಮ್‌ನಲ್ಲಿ 1946ರಲ್ಲಿ ಬಡ ಕಪ್ಪು ಜನರಿಗಾಗಿ ಒಂದು ಮನೋಚಿಕಿತ್ಸಾಲಯವು ಚರ್ಚೊಂದರ ನೆಲಮಾಳಿಗೆಯಲ್ಲಿ ತೆರೆಯಿತು. ವೈದ್ಯ ಫ್ರೆಡ್ರಿಕ್ ವೆರ್ಥಾಮರೊಡನೆ ಅದಕ್ಕಾಗಿ ದುಡಿದವನು ರಿಚರ್ಡ್ ರೈಟ್ ಎಂಬ ಕಾದಂಬರಿಕಾರ. ವರ್ಣಭೇದವು ಮನಸ್ಸನ್ನು ಹೇಗೆ ಮುರಿಯುತ್ತದೆಂದು 1940ರಲ್ಲಿಯೇ ಕಾದಂಬರಿ ಬರೆದವನು ಅವನು. ಕಥೆ ಬರೆದಾಯಿತೆಂದು ಕೈ ತೊಳೆದುಕೊಳ್ಳದೆ ಚಿಕಿತ್ಸಾಲಯದ ಬಾಗಿಲವರೆಗೆ ಅವನು ಬಂದನು.

ಆದಕಾರಣ ಕಲೆಯ ದಾರಿಯಲ್ಲಿ ಎರಡು ಎಚ್ಚರಗಳು ಬೇಕು. ಮೊದಲನೆಯದು, ನೋವನ್ನು ತಮಾಷೆಯ ಸರಕಾಗಿ ಮಾಡಬಾರದು. ಕಪ್ಪು ಬಣ್ಣವನ್ನು ಹಾಸ್ಯದ ವಸ್ತುವಾಗಿಸಿದ ಚಲನಚಿತ್ರಗಳೆಷ್ಟಿಲ್ಲ! 1975ರಿಂದ ಮಾರಾಟವಾದ ‘ಫೇರ್ ಅಂಡ್ ಲವ್ಲಿ’ಯು ಬೆಳ್ಳಗಾದರೆ ಮಾತ್ರ ಮದುವೆ, ನೌಕರಿಯೆಂದು ಜಾಹೀರಾತುಗಳಲ್ಲಿ ದಶಕಗಳ ಕಾಲ ಸಾರಿ, 2020ರಲ್ಲಿ ಹೆಸರನ್ನು ಬದಲಾಯಿಸಿಕೊಂಡಿತು. ಜಾಹೀರಾತೂ ಕಲೆಯೇ; ಗಾಯ ಮಾಡುವ ಕಲೆ. ಎರಡನೆಯ ಎಚ್ಚರವು ಪ್ರೇಕ್ಷಕರಾದ ನಮಗೆ. ಚೋಮನನ್ನು ನೋಡಿ ಅತ್ತು, ಮನೆಗೆ ಬಂದು ಕೆಲಸದಾಕೆಗೆ ಬೇರೆ ಲೋಟದಲ್ಲಿ ಕಾಫಿ ಕೊಟ್ಟರೆ ಆ ಕಣ್ಣೀರಿಗೆ ಬೆಲೆಯೇನು? ಕನಿಕರವು ನಮ್ಮನ್ನು ಒಳ್ಳೆಯವರೆಂದು ನಂಬಿಸಿ ಮಲಗಿಸುತ್ತದೆ. ಚಿತ್ರದಲ್ಲಿ ನೊಂದವನನ್ನು ಕಂಡರೆ ಸಾಲದು. ನಕ್ಕವರ ಸಾಲಿನಲ್ಲಿ ನಮ್ಮ ಮುಖವನ್ನೂ ಕಾಣಬೇಕು. ಅಲ್ಲಿಯವರೆಗೆ ಕಲೆಯ ಕೆಲಸ ಅರ್ಧವಾಗಿದೆಯೆಂದು ತಿಳಿಯಿರಿ.

ಮಾಡಬೇಕಾದುದು ಹೆಚ್ಚಿಲ್ಲ. ನಿಮ್ಮ ಊರಿನ ಶಾಲೆ, ನಿಲಯಗಳ ನಾಟಕಗಳಲ್ಲಿ ಪಾತ್ರವನ್ನು ಕಂಠ ನೋಡಿ ಕೊಡಿರಿ, ಮೈಬಣ್ಣ ನೋಡಿ ಅಲ್ಲ. ಮನೆಯಲ್ಲಿ ಮಕ್ಕಳನ್ನು ಕರಿಯ, ಕರಿಯಮ್ಮ ಎಂದು ಮುದ್ದಿನ ನೆಪದಲ್ಲಿ ಹಂಗಿಸುವುದನ್ನು ಬಿಡಿರಿ. ನಮ್ಮ ಬೀದಿಯಲ್ಲಿ ಬಾಡಿಗೆಗಿರುವ ಮಣಿಪುರದ ಹುಡುಗನನ್ನೂ ಆಫ್ರಿಕದ ವಿದ್ಯಾರ್ಥಿಯನ್ನೂ ಅವರ ಹೆಸರು ಕೇಳಿ ತಿಳಿದು ಹೆಸರಿನಿಂದಲೇ ಕರೆಯಿರಿ. ಯಾರಾದರೂ ಮೌನವಾಗಿ ಹಿಂದಿನ ಸಾಲಿಗೆ ಸರಿಯುತ್ತಿದ್ದರೆ ಕಾರಣವನ್ನು ವಿಚಾರಿಸಿರಿ. ಅಗತ್ಯವೆನಿಸಿದರೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಸರ್ಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ದೂರವಾಣಿ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲಿಯೇ, ಯಾವ ಖರ್ಚೂ ಇಲ್ಲದೆ ಸಲಹೆ ದೊರೆಯುತ್ತದೆ.

ಬ್ಯಾಡರಹಳ್ಳಿಯ ಆ ಬಾಲಿಕೆಯ ಚಿತ್ರ ಏನಾಯಿತೆಂದು ನೀವು ಕೇಳಬಹುದು. ಚಿತ್ರಕಲಾ ಶಿಕ್ಷಕರು ಅವಳ ಪಕ್ಕದಲ್ಲಿ ಕುಳಿತು ಕಂದು, ಕೆಂಪು, ಹಳದಿ ಪೆನ್ಸಿಲುಗಳನ್ನು ಮುಂದಿಟ್ಟು, “ಅಮ್ಮನ ಮುಖ ನೋಡಿಕೊಂಡು ಬಣ್ಣ ಬೆರೆಸು” ಎಂದರು. ಅವಳು ತಾಯಿಯನ್ನು ಒಮ್ಮೆ, ಹಾಳೆಯನ್ನು ಒಮ್ಮೆ ನೋಡುತ್ತ ಬಹಳ ಹೊತ್ತು ತೆಗೆದುಕೊಂಡಳು. ಸಮಯ ಮೀರಿದ್ದರಿಂದ ಬಹುಮಾನ ಬರಲಿಲ್ಲ, ಚಿತ್ರ ಬಂದಿತು. “ನನ್ನ ಮುಖಾನ ಇಷ್ಟು ಹೊತ್ತು ಯಾರೂ ನೋಡಿರಲಿಲ್ಲ ಬುದ್ಧಿ” ಎಂದು ಆ ತಾಯಿ ನಗುತ್ತ ಹೇಳಿದಳು.

ಅಂದು ಸಂಜೆ ನಾವು ಆ ಹಳೆಯ ವಿದ್ಯಾರ್ಥಿಯ ಕ್ಷಮೆಯನ್ನು ಕೇಳಿದೆವು. ಅವರು ಬೇಡವೆನ್ನಲಿಲ್ಲ, ಪಾದಕ್ಕೆ ಬೀಳಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದು ನಕ್ಕವರು ಇನ್ನೂರು ಜನ ಬುದ್ಧಿ. ತಮಗೆ ನೆನಪಿದೆ; ಅವರಿಗೆ ನೆನಪಿಲ್ಲ. ತಾವು ಇದನ್ನು ಪತ್ರಿಕೆಯಲ್ಲಿ ಬರೆಯಬೇಕು. ಅವರಲ್ಲಿ ಬಹಳ ಜನ ಇವತ್ತಿಗೂ ಚಂದಾದಾರರು” ಎಂದರು.

ಅವರ ಮಾತಿನಂತೆ ಬರೆದಿದ್ದೇವೆ. ಹಳೆಯ ವಿದ್ಯಾರ್ಥಿಗಳೇ, ನೀವೀಗ ಓದಿ ಮುಗಿಸಿದ್ದೀರಿ. ನೆನಪು ಮಾಡಿಕೊಳ್ಳಿರಿ.